ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ ಲೆನ್ಸ್: ಒಟ್ಟೊ ವಿಖ್ಟರ್ಲೆ

ಮಕ್ಕಳೇ, ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಮಳೆಗಾಲ ಮುಗಿಯಿತೆಂದರೆ ಯಕ್ಷಗಾನದ ಆಟಗಳು ಶುರುವಾಗುತ್ತವೆ. ರಾತ್ರಿಯಿಡೀ ಚಾಪೆಯ ಮೇಲೆ ಕುಳಿತು ಆಟ ನೋಡಿದವರು ನಿಮ್ಮಲ್ಲಿ ಹಲವರಿರಬಹುದು. ಕನ್ನಡಕ ಹಾಕಿಕೊಂಡ ರಾವಣನನ್ನು ನೀವು ಎಂದಾದರೂ ನೋಡಿದ್ದೀರಾ? ಕನ್ನಡಕ ಧರಿಸಿದ ಕರ್ಣನನ್ನು? ಇಲ್ಲ, ಅಲ್ಲವೇ? ಹಾಗೆಂದು ವೇಷ ಕಟ್ಟುವ ಎಲ್ಲರ ಕಣ್ಣೂ ಚೆನ್ನಾಗಿಯೇ ಇರುತ್ತದೆ ಎಂದು ತಿಳಿಯಬೇಡಿ. ಕನ್ನಡಕ ಬೇಕಾದ ಕಲಾವಿದರು ಅದನ್ನು ಚೌಕಿಯಲ್ಲಿಯೇ ಬಿಟ್ಟು, ಎದುರಿನ ದೀಪ ಮಸುಕಾಗಿ ಕಂಡರೂ ಸರಿಯೆಂದು ರಂಗಕ್ಕೆ ಬರಬೇಕಾಗುತ್ತದೆ. ಇಲ್ಲವೇ ಕಣ್ಣಿನ ಮೇಲೆಯೇ ಕುಳಿತುಕೊಳ್ಳುವ, ನೋಡುವವರಿಗೆ ಕಾಣದ ಒಂದು ಪುಟ್ಟ ಲೆನ್ಸನ್ನು ಧರಿಸಬೇಕಾಗುತ್ತದೆ. ಅದೇ ಕಾಂಟ್ಯಾಕ್ಟ್ ಲೆನ್ಸ್.

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಅಕ್ಕನೋ ಅಣ್ಣನೋ ಇಂಥ ಲೆನ್ಸ್ ಧರಿಸುವವರಿದ್ದರೆ ಅದನ್ನು ಗಮನಿಸಿ ನೋಡಿ. ಬೆರಳ ತುದಿಯ ಮೇಲೆ ಇಟ್ಟರೆ ಮಳೆಹನಿಯೊಂದು ನಿಂತಂತೆ ಕಾಣುತ್ತದೆ. ಅಷ್ಟು ತೆಳ್ಳಗೆ, ಅಷ್ಟು ಮೃದು. ಇಂದು ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಕಾಂಟ್ಯಾಕ್ಟ್ ಲೆನ್ಸ್ ಧರಿಸುತ್ತಾರೆ. ಅವುಗಳಲ್ಲಿ ಬಹುಪಾಲು ಮೃದು ಲೆನ್ಸ್‌ಗಳೇ. ಇದನ್ನು ಮೊದಲು ಮಾಡಿದವರು ಒಬ್ಬ ರಸಾಯನ ವಿಜ್ಞಾನಿ. ಮಾಡಿದ್ದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ, ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ. ಬಳಸಿದ ಯಂತ್ರ ಮಕ್ಕಳ ಆಟಿಕೆಯದು! ಅವರ ಹೆಸರು ಒಟ್ಟೊ ವಿಖ್ಟರ್ಲೆ.

ಬಾಟಾ ಕಾರ್ಖಾನೆಯಲ್ಲಿ ವಿಜ್ಞಾನಿ

ವಿಖ್ಟರ್ಲೆ 1913ರ ಅಕ್ಟೋಬರ್ 27ರಂದು ಯೂರೋಪಿನ ಮೊರಾವಿಯ ಪ್ರಾಂತದ ಪ್ರೊಸ್ಟಿಯೊವ್ ಎಂಬ ಊರಿನಲ್ಲಿ ಜನಿಸಿದರು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದದ್ದೂ ಅದೇ ವರ್ಷ. ಆ ಪ್ರಾಂತ ಆಗ ಆಸ್ಟ್ರಿಯ–ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯ ಎಂಬ ಹೊಸ ದೇಶಕ್ಕೆ ಸೇರಿತು. ಈಗ ಅದು ಚೆಕ್ ಗಣರಾಜ್ಯದಲ್ಲಿದೆ. ತಂದೆ ಕೃಷಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರ ಪಾಲುದಾರರಾಗಿದ್ದರು. ಹುಡುಗ ಮಾತ್ರ ಪ್ರಾಗ್ ನಗರಕ್ಕೆ ಹೋಗಿ ರಸಾಯನ ವಿಜ್ಞಾನ ಓದಿದ. ವೈದ್ಯಶಾಸ್ತ್ರದಲ್ಲೂ ಅವನಿಗೆ ಆಸಕ್ತಿಯಿತ್ತು. ಈ ಎರಡು ಆಸಕ್ತಿಗಳು ಮುಂದೆ ಒಂದೆಡೆ ಕೂಡಿದವು.

ಓದು ಮುಗಿಸಿ ಸಂಶೋಧನೆಯಲ್ಲಿ ತೊಡಗಿದ್ದಾಗ ಎರಡನೆಯ ಮಹಾಯುದ್ಧ ಬಂತು. ಹಿಟ್ಲರನ ನಾಜಿ ಸೈನ್ಯ ಆ ದೇಶವನ್ನು ಆಕ್ರಮಿಸಿಕೊಂಡಿತ್ತು. 1939ರ ನವೆಂಬರ್ 17ರಂದು ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಹಾಕಲಾಯಿತು. ಯೋಚಿಸಿ ನೋಡಿ, ಒಂದು ಬೆಳಿಗ್ಗೆ ಶಾಲೆಗೆ ಹೋದರೆ ಶಾಲೆಯೇ ಇಲ್ಲ! ಕೆಲಸ ಕಳೆದುಕೊಂಡ ವಿಖ್ಟರ್ಲೆ ಜ್ಲೀನ್ ಎಂಬ ಊರಿನ ಬಾಟಾ ಕಂಪನಿಯನ್ನು ಸೇರಿದರು. ಹೌದು, ಚಪ್ಪಲಿ ಮತ್ತು ಬೂಟುಗಳ ಮೇಲೆ ನೀವು ಕಾಣುವ ಅದೇ ಬಾಟಾ. ಆ ಕಂಪನಿ ಹುಟ್ಟಿದ ಊರು ಜ್ಲೀನ್.

ಅಲ್ಲಿ ಅವರ ತಂಡ 1941ರಲ್ಲಿ ಒಂದು ಕೃತಕ ನಾರನ್ನು ತಯಾರಿಸಿತು. ಅದಕ್ಕೆ ಸಿಲಾನ್ ಎಂದು ಹೆಸರಾಯಿತು. ಇದು ನೈಲಾನ್ ಜಾತಿಯ ನಾರು. ಭಟ್ಕಳದ ಬಂದರಿನಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಮೀನುಗಾರರು ಬಲೆ ಹೆಣೆಯುವುದನ್ನು ನೋಡಿದ್ದರೆ ನೈಲಾನ್ ಎಳೆ ಎಷ್ಟು ಗಟ್ಟಿ ಎಂಬುದು ನಿಮಗೆ ಗೊತ್ತಿರುತ್ತದೆ. 1942ರಲ್ಲಿ ನಾಜಿಗಳ ಗುಪ್ತ ಪೊಲೀಸರು ವಿಖ್ಟರ್ಲೆಯವರನ್ನು ಬಂಧಿಸಿದರು. ಕೆಲವು ತಿಂಗಳು ಸೆರೆಯಲ್ಲಿದ್ದು ಅವರು ಬಿಡುಗಡೆಯಾದರು. ಯುದ್ಧ ಮುಗಿದ ಮೇಲೆ ಪ್ರಾಗ್‌ಗೆ ಮರಳಿ ಅಧ್ಯಾಪಕರಾದರು, ಪಠ್ಯಪುಸ್ತಕಗಳನ್ನು ಬರೆದರು.

ರೈಲಿನಲ್ಲಿ ಸಿಕ್ಕ ಸಮಸ್ಯೆ

ಕುಮಟಾದಿಂದ ಮಂಗಳೂರಿಗೋ ಕಾರವಾರಕ್ಕೋ ರೈಲಿನಲ್ಲಿ ಹೋಗುವಾಗ ಪಕ್ಕದವರು ಓದುವ ಪತ್ರಿಕೆಯ ಮೇಲೆ ನೀವು ಕಣ್ಣು ಹಾಯಿಸಿರಬಹುದು. 1952ರಲ್ಲಿ ವಿಖ್ಟರ್ಲೆಯವರೂ ರೈಲಿನಲ್ಲಿ ಅದನ್ನೇ ಮಾಡಿದರು. ಪಕ್ಕದಲ್ಲಿ ಕುಳಿತಿದ್ದ ವೈದ್ಯರು ಓದುತ್ತಿದ್ದುದು ಕಣ್ಣು ಕಳೆದುಕೊಂಡವರಿಗೆ ಲೋಹದ ಕೃತಕ ಭಾಗಗಳನ್ನು ಜೋಡಿಸುವ ಬಗೆಗಿನ ಲೇಖನ. ಇಬ್ಬರಿಗೂ ಮಾತು ಬೆಳೆಯಿತು. ದೇಹದ ಜೀವಂತ ಭಾಗಕ್ಕೆ ಗಟ್ಟಿ ಲೋಹ ಹೊಂದುವುದಿಲ್ಲ, ನೀರು ಹೀರಿಕೊಂಡು ಮೃದುವಾಗಿರುವ ಪ್ಲಾಸ್ಟಿಕ್ ಬೇಕು ಎಂಬುದು ವಿಖ್ಟರ್ಲೆಯವರ ಅಭಿಪ್ರಾಯ. ಅಂಥ ಪ್ಲಾಸ್ಟಿಕ್ ಆಗ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ. ಹಾಗಾದರೆ ತಯಾರಿಸಿಯೇ ಬಿಡೋಣ ಎಂದು ಅವರು ನಿರ್ಧರಿಸಿದರು.

ಕಾಂಟ್ಯಾಕ್ಟ್ ಲೆನ್ಸ್ ಆಗಲೇ ಇತ್ತು. 1888ರಲ್ಲಿಯೇ ಆಡಾಲ್ಫ್ ಫಿಕ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಗಾಜಿನ ಲೆನ್ಸ್‌ಗಳ ಬಗ್ಗೆ ಬರೆದಿದ್ದರು. ಕಣ್ಣಿನ ಬಿಳಿಭಾಗವನ್ನೂ ಮುಚ್ಚುವ ಆ ಗಾಜಿನ ಚಿಪ್ಪನ್ನು ಕೆಲವು ಗಂಟೆಗಿಂತ ಹೆಚ್ಚು ಹೊತ್ತು ಸಹಿಸಲು ಸಾಧ್ಯವಿರಲಿಲ್ಲ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಲೆನ್ಸ್‌ಗಳು ಬಂದವು. ಆದರೆ ಕಣ್ಣಿಗೆ ಬಿದ್ದ ಒಂದು ಮರಳ ಕಣವೇ ನಮ್ಮನ್ನು ಕುಣಿಸಿಬಿಡುತ್ತದೆ. ಇನ್ನು ಇಡೀ ಚಿಪ್ಪನ್ನೇ ಇಟ್ಟುಕೊಂಡರೆ?

ತೊಂದರೆ ಬರೀ ನೋವಿನದಲ್ಲ. ಕಣ್ಣಿನ ಕರಿಗುಡ್ಡೆಯ ಮುಂದೆ ಕಾರ್ನಿಯಾ ಎಂಬ ಪಾರದರ್ಶಕ ಪದರವಿದೆ. ಅದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್. ನಮ್ಮ ದೇಹದ ಹೆಚ್ಚಿನ ಭಾಗಗಳಿಗೆ ಆಮ್ಲಜನಕವನ್ನು ತಲುಪಿಸುವುದು ರಕ್ತ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ನಾವು ಜಗತ್ತನ್ನು ಕೆಂಪು ಗೆರೆಗಳ ನಡುವಿನಿಂದ ನೋಡಬೇಕಾಗುತ್ತಿತ್ತು! ಅದು ಆಮ್ಲಜನಕವನ್ನು ಪಡೆಯುವುದು ಹೆಚ್ಚಾಗಿ ನೇರವಾಗಿ ಗಾಳಿಯಿಂದ. ಗಾಳಿಯ ಆಮ್ಲಜನಕ ಕಣ್ಣೀರಿನಲ್ಲಿ ಕರಗಿ ಕಾರ್ನಿಯಾವನ್ನು ಸೇರುತ್ತದೆ. ಆದ್ದರಿಂದ ಲೆನ್ಸ್ ಮುಚ್ಚಳದಂತೆ ಇರಬಾರದು, ಆಮ್ಲಜನಕಕ್ಕೆ ದಾರಿ ಬಿಡಬೇಕು.

ವಿಖ್ಟರ್ಲೆ ಮತ್ತು ಅವರ ಸಹೋದ್ಯೋಗಿ ದ್ರಾಹೊಸ್ಲಾವ್ ಲೀಮ್ ಸೇರಿ 1950ರ ದಶಕದಲ್ಲಿ ಇದಕ್ಕೆ ತಕ್ಕ ವಸ್ತುವನ್ನು ತಯಾರಿಸಿದರು. ಅದು ಹೈಡ್ರೋಜೆಲ್. ಹೆಸರು ಕಷ್ಟವೆನಿಸಿತೇ? ಕಾಮಕಸ್ತೂರಿ ಬೀಜವನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುತ್ತಾರಲ್ಲ, ಅದೇ. ಒಣಗಿದಾಗ ಗಟ್ಟಿಯಾದ ಕರಿ ಕಾಳು. ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಸುತ್ತಲೂ ಲೋಳೆಯಂಥ ಮೃದು ಹೊದಿಕೆ ಉಬ್ಬಿಕೊಳ್ಳುತ್ತದೆ. ಹೈಡ್ರೋಜೆಲ್ ಕೂಡ ಹಾಗೆಯೇ. ಒಣಗಿದಾಗ ಗಾಜಿನಂತೆ ಪೆಡಸು, ನೀರು ಕುಡಿದಾಗ ಮೆತ್ತಗೆ.

ಇದು ಹೇಗೆ ಸಾಧ್ಯ? ಭಟ್ಕಳ ಮಲ್ಲಿಗೆಯ ದಂಡೆಯನ್ನು ಕಲ್ಪಿಸಿಕೊಳ್ಳಿ. ಮೊಗ್ಗಿಗೆ ಮೊಗ್ಗು ಸೇರಿ ಉದ್ದನೆಯ ಮಾಲೆಯಾಗುತ್ತದೆ. ಹಾಗೆಯೇ ಚಿಕ್ಕ ಅಣುಗಳು ಒಂದಕ್ಕೊಂದು ಜೋಡಣೆಯಾಗಿ ಉದ್ದನೆಯ ಸರಪಳಿಯಾದರೆ ಅದು ಪಾಲಿಮರ್. ಈಗ ಇಂಥ ಹಲವು ದಂಡೆಗಳನ್ನು ಅಲ್ಲಲ್ಲಿ ದಾರದಿಂದ ಒಂದಕ್ಕೊಂದು ಕಟ್ಟಿದರೆ ಬಲೆಯಾಗುತ್ತದೆ. ವಿಖ್ಟರ್ಲೆಯವರ ಪಾಲಿಮರ್ ಬಲೆ ನೀರನ್ನು ಪ್ರೀತಿಸುವಂಥದ್ದು. ನೀರು ಒಳಗೆ ಹೋಗಿ ಕಣ್ಣುಕಣ್ಣುಗಳಲ್ಲಿ ನಿಲ್ಲುತ್ತದೆ, ಆದರೆ ಗಂಟುಗಳಿರುವುದರಿಂದ ಬಲೆ ಕರಗಿಹೋಗುವುದಿಲ್ಲ. ನೀರು ಕುಡಿದ ಲೆನ್ಸಿನ ತೂಕದಲ್ಲಿ ಸುಮಾರು ಶೇಕಡಾ 40ರಷ್ಟು ನೀರೇ ಇರುತ್ತದೆ! ಆ ನೀರಿನ ಮೂಲಕವೇ ಆಮ್ಲಜನಕ ಕಾರ್ನಿಯಾವನ್ನು ತಲುಪುತ್ತದೆ. 1960ರಲ್ಲಿ ಇಬ್ಬರೂ ಈ ವಸ್ತುವಿನ ಬಗ್ಗೆ ನೇಚರ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಬರೆದರು.

ಆಟಿಕೆ, ಸೈಕಲ್ ಡೈನಮೊ, ಗಂಟೆಯ ಟ್ರಾನ್ಸ್‌ಫಾರ್ಮರ್

ವಸ್ತು ಸಿಕ್ಕಿತು, ಲೆನ್ಸ್ ಆಗಲಿಲ್ಲ. ಎರಡು ಅಚ್ಚುಗಳ ನಡುವೆ ದ್ರವವನ್ನು ಸುರಿದು ಗಟ್ಟಿ ಮಾಡಿದರು. ಅಚ್ಚು ಬಿಚ್ಚುವಾಗ ಅಂಚುಗಳು ಹರಿದುಹೋಗುತ್ತಿದ್ದವು. ಹರಿದ ಅಂಚು ಕಣ್ಣಿಗೆ ಚುಚ್ಚುತ್ತದೆ. ತೊಡೆದೇವು ಮಾಡುವುದನ್ನು ನೋಡಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಬಿಸಿ ಗಡಿಗೆಯ ಮೇಲೆ ಹಿಟ್ಟು ಸವರುವುದು ಸುಲಭ, ಅದನ್ನು ಹರಿಯದಂತೆ ಎಬ್ಬಿಸುವುದೇ ಕೈಚಳಕ.

ಈ ನಡುವೆ ಇನ್ನೊಂದು ಪೆಟ್ಟು ಬಿತ್ತು. ಆ ದೇಶದಲ್ಲಿ ಆಗ ಕಮ್ಯುನಿಸ್ಟ್ ಸರ್ಕಾರವಿತ್ತು. 1958ರಲ್ಲಿ ರಾಜಕೀಯ ಕಾರಣಗಳಿಗಾಗಿ ವಿಖ್ಟರ್ಲೆಯವರನ್ನು ಕಾಲೇಜಿನ ಕೆಲಸದಿಂದ ತೆಗೆಯಲಾಯಿತು. ಆದರೂ ಇಂಥ ವಿಜ್ಞಾನಿಯನ್ನು ಪೂರ್ತಿ ಬಿಡಲಾಗಲಿಲ್ಲ. ಪಾಲಿಮರ್‌ಗಳ ಅಧ್ಯಯನಕ್ಕಾಗಿ ವಿಜ್ಞಾನ ಅಕಾಡೆಮಿ ತೆರೆದ ಹೊಸ ಸಂಸ್ಥೆಗೆ ಅವರನ್ನೇ ನಿರ್ದೇಶಕರನ್ನಾಗಿ ಮಾಡಿದರು. ಸಂಸ್ಥೆಗೆ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ಲೆನ್ಸಿನ ಕೆಲಸದಲ್ಲಿ ಸರ್ಕಾರದ ಇಲಾಖೆಗೂ ಆಸಕ್ತಿ ಉಳಿದಿರಲಿಲ್ಲ. ವಿಖ್ಟರ್ಲೆ ಕೆಲಸವನ್ನು ಮನೆಗೇ ತಂದರು.

ಈಗ ನೀವೊಂದು ಪ್ರಯೋಗ ಮಾಡಿ. ಲೋಟದಲ್ಲಿ ನೀರು ತೆಗೆದುಕೊಂಡು ಚಮಚದಿಂದ ಜೋರಾಗಿ ತಿರುಗಿಸಿ, ಚಮಚ ಹೊರಗೆ ತೆಗೆಯಿರಿ. ಸುತ್ತುತ್ತಿರುವ ನೀರಿನ ಮೇಲ್ಮೈ ಹೇಗಿದೆ? ನಡುವೆ ತಗ್ಗು, ಅಂಚಿನಲ್ಲಿ ಎತ್ತರ. ಇನ್ನೂ ವೇಗವಾಗಿ ತಿರುಗಿಸಿದರೆ ತಗ್ಗು ಇನ್ನೂ ಆಳವಾಗುತ್ತದೆ. ಆ ಬಾಗು ಎಷ್ಟು ನುಣುಪು ನೋಡಿ! ಯಾವ ಬಡಗಿಯೂ ಅಷ್ಟು ನುಣುಪಾಗಿ ಕೆತ್ತಲಾರ.

ವಿಖ್ಟರ್ಲೆ ಇದನ್ನೇ ಬಳಸಿಕೊಂಡರು. ಬಟ್ಟಲಿನಂಥ ಪುಟ್ಟ ಗಾಜಿನ ಅಚ್ಚಿನಲ್ಲಿ ದ್ರವ ರೂಪದ ವಸ್ತುವಿನ ಒಂದು ಹನಿ ಹಾಕಿ, ಅಚ್ಚನ್ನು ತಿರುಗಿಸುತ್ತಲೇ ಇದ್ದರೆ? ಲೆನ್ಸಿನ ಹೊರಮೈ ಅಚ್ಚಿನ ಆಕಾರವನ್ನು ಪಡೆಯುತ್ತದೆ. ಒಳಮೈ ಸುತ್ತುವಿಕೆಯಿಂದ ತಾನೇ ಬಾಗುತ್ತದೆ. ಸುತ್ತುತ್ತಿರುವಾಗಲೇ ದ್ರವ ಗಟ್ಟಿಯಾದರೆ ಆಯಿತು, ಎರಡನೆಯ ಅಚ್ಚೇ ಬೇಡ, ಅಂಚು ಹರಿಯುವ ಭಯವೂ ಇಲ್ಲ. ವೇಗ ಬದಲಿಸಿದರೆ ಬಾಗು ಬದಲಾಗುತ್ತದೆ, ಲೆನ್ಸಿನ ಶಕ್ತಿಯೂ ಬದಲಾಗುತ್ತದೆ.

ಯಂತ್ರ ಎಲ್ಲಿಂದ ತರುವುದು? ಮನೆಯಲ್ಲಿ ಮಕ್ಕಳದೊಂದು ಆಟಿಕೆಯಿತ್ತು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ಪುಟ್ಟ ತಿರುಪುಗಳು. ಅವನ್ನು ಜೋಡಿಸಿ ಕ್ರೇನ್, ಗಾಡಿ ಮಾಡಬಹುದು. ಮೆರ್ಕುರ್ ಎಂದು ಅದರ ಹೆಸರು. ಅದರ ಪಟ್ಟಿಗಳಿಂದ ಚೌಕಟ್ಟು ಸಿದ್ಧವಾಯಿತು. ತಿರುಗಿಸಲು ಮಗನ ಸೈಕಲ್ಲಿನ ಡೈನಮೊ. ಸೈಕಲ್ಲಿನಲ್ಲಿ ಚಕ್ರ ತಿರುಗಿದರೆ ಡೈನಮೊ ವಿದ್ಯುತ್ತು ಕೊಡುತ್ತದೆ. ಇಲ್ಲಿ ಅದಕ್ಕೇ ವಿದ್ಯುತ್ತು ಕೊಟ್ಟು ತಿರುಗುವಂತೆ ಮಾಡಿದರು. ಆ ವಿದ್ಯುತ್ತಿಗೆ ಬಾಗಿಲ ಗಂಟೆಯ ಟ್ರಾನ್ಸ್‌ಫಾರ್ಮರ್. ಅಚ್ಚುಗಳನ್ನೂ ಗಾಜಿನ ನಳಿಕೆಗಳನ್ನೂ ತಾವೇ ಮಾಡಿಕೊಂಡರು.

1961ರ ಕ್ರಿಸ್‌ಮಸ್ ದಿನದ ಮಧ್ಯಾಹ್ನ, ಪತ್ನಿ ಲಿಂಡಾ ಅವರ ನೆರವಿನಿಂದ, ಅಡುಗೆಮನೆಯ ಮೇಜಿನ ಮೇಲೆ ಮೊದಲ ನಾಲ್ಕು ಲೆನ್ಸ್‌ಗಳು ತಯಾರಾದವು. ವಿಖ್ಟರ್ಲೆ ಅವನ್ನು ತಮ್ಮ ಕಣ್ಣಿಗೇ ಹಾಕಿಕೊಂಡು ನೋಡಿದರು. ಅವರ ದೃಷ್ಟಿಗೆ ಅವುಗಳ ಶಕ್ತಿ ಹೊಂದುತ್ತಿರಲಿಲ್ಲ. ಆದರೆ ಚುಚ್ಚಲಿಲ್ಲ, ಉರಿಯಲಿಲ್ಲ. ಅಷ್ಟು ಸಾಕಿತ್ತು. ಡೈನಮೊ ಸಾಲದಾದಾಗ ಗ್ರಾಮೊಫೋನಿನ ಮೋಟಾರು ಬಂತು. 1962ರ ಮೊದಲ ನಾಲ್ಕು ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ 5,500 ಲೆನ್ಸ್‌ಗಳನ್ನು ತಯಾರಿಸಿದರು! ಆ ಮನೆಯಲ್ಲಿ ಆಗ ಅಡುಗೆ ಎಲ್ಲಿ ನಡೆಯುತ್ತಿತ್ತೋ!

ನೀರು ಕುಡಿಯುವ ಲೆನ್ಸಿಗೆ ಕಾವಲು ಬೇಕು

1965ರಲ್ಲಿ ಲೆನ್ಸ್ ತಯಾರಿಸುವ ಹಕ್ಕನ್ನು ಚೆಕೊಸ್ಲೊವಾಕಿಯದ ವಿಜ್ಞಾನ ಅಕಾಡೆಮಿ ಅಮೆರಿಕದ ಕಂಪನಿಯೊಂದಕ್ಕೆ ಮಾರಿತು. ಅಲ್ಲಿಂದ ಅದು ಬಾಷ್ ಅಂಡ್ ಲಾಂಬ್ ಎಂಬ ದೊಡ್ಡ ಕಂಪನಿಯ ಕೈಸೇರಿತು. 1971ರಲ್ಲಿ ಅಮೆರಿಕದ ಸರ್ಕಾರ ಮೃದು ಲೆನ್ಸಿನ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಪ್ರತಿದಿನ ಲೆನ್ಸನ್ನು ಸೂಕ್ಷ್ಮಜೀವಿಗಳಿಂದ ಮುಕ್ತಗೊಳಿಸಲೇಬೇಕಿತ್ತು.

ಏಕೆ ಗೊತ್ತೇ? ಯಾವ ಗುಣದಿಂದ ಲೆನ್ಸ್ ಮೃದುವಾಯಿತೋ ಅದೇ ಗುಣ ಅದರ ದೌರ್ಬಲ್ಯವೂ ಹೌದು. ಒದ್ದೆಯಾಗಿ, ಬೆಚ್ಚಗೆ, ಕಣ್ಣೀರಿನ ಪ್ರೋಟೀನು ಅಂಟಿಕೊಂಡಿರುವ ಜಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟದ ಎಲೆಯಿದ್ದಂತೆ. ಬರಿಗಣ್ಣಿಗೆ ಒಳ್ಳೆಯ ಕಾವಲಿದೆ. ಕಣ್ಣೀರಿನಲ್ಲಿ ಲೈಸೊಜೈಮ್ ಎಂಬ, ಬ್ಯಾಕ್ಟೀರಿಯಾಗಳನ್ನು ಒಡೆಯುವ ವಸ್ತುವಿದೆ. ಇದನ್ನು ಗುರುತಿಸಿದವರು ಪೆನಿಸಿಲಿನ್ ಖ್ಯಾತಿಯ ಅಲೆಕ್ಸಾಂಡರ್ ಫ್ಲೆಮಿಂಗ್. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಕಾರ್ನಿಯಾವನ್ನು ತೊಳೆಯುತ್ತದೆ. ಲೆನ್ಸ್ ಇದ್ದಾಗ ಈ ತೊಳೆಯುವಿಕೆ ಪೂರ್ತಿ ನಡೆಯುವುದಿಲ್ಲ. ಕೊಳೆಯಾದ ಬೆರಳಿನಿಂದ ಲೆನ್ಸನ್ನೇರಿದ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಒತ್ತಿಕೊಂಡೇ ಉಳಿಯುತ್ತದೆ. ಅಲ್ಲಿ ಚಿಕ್ಕ ಗೀರಿದ್ದರೂ ಸಾಕು, ಒಳಹೊಕ್ಕು ಹುಣ್ಣು ಮಾಡಬಲ್ಲದು. ಹುಣ್ಣು ಮಾಯ್ದರೂ ಕಲೆ ಉಳಿದರೆ, ಸ್ವಚ್ಛ ಗಾಜಿನ ಕಿಟಕಿಗೆ ಸುಣ್ಣ ಬಳಿದಂತೆ ದೃಷ್ಟಿ ಮಂಕಾಗುತ್ತದೆ.

1970ರ ದಶಕದಲ್ಲಿ ಲೆನ್ಸ್ ಧರಿಸುತ್ತಿದ್ದವರು ರಾತ್ರಿ ಅದನ್ನು ಉಪ್ಪುನೀರಿನಲ್ಲಿಟ್ಟು ಪುಟ್ಟ ವಿದ್ಯುತ್ ಒಲೆಯಲ್ಲಿ ಕಾಯಿಸುತ್ತಿದ್ದರು. ಉಪ್ಪುನೀರೇ ಏಕೆ? ನಿಮ್ಮ ಕಣ್ಣೀರು ನಾಲಿಗೆಗೆ ತಾಗಿದಾಗ ರುಚಿ ನೋಡಿದ್ದೀರಲ್ಲ? ಕಣ್ಣೀರಿಗೆ ಹೊಂದುವ ಉಪ್ಪುನೀರಿನಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿರುತ್ತದೆ. ಸಮುದ್ರದ ನೀರಿನಲ್ಲಾದರೆ ಲೀಟರಿಗೆ ಸುಮಾರು 35 ಗ್ರಾಂ. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳೆಯುವುದು ಆ ನೀರು ಆವಿಯಾದ ಮೇಲೆಯೇ. ಬರೀ ಸಿಹಿನೀರಿನಲ್ಲಿಟ್ಟರೆ ಮೃದು ಲೆನ್ಸ್ ಇನ್ನಷ್ಟು ನೀರು ಹೀರಿ ಆಕಾರ ಬದಲಿಸಿ ಕಾರ್ನಿಯಾಕ್ಕೆ ಅಂಟಿಕೊಳ್ಳುತ್ತದೆ.

ಇಲ್ಲಿಯೇ ಒಂದು ಅನಾಹುತ ಕಾದಿತ್ತು. ಅಮೆರಿಕದಲ್ಲಿ ಅನೇಕರು ಅಂಗಡಿಯಲ್ಲಿ ಸಿಗುವ ಉಪ್ಪಿನ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿ ಮನೆಯಲ್ಲೇ ದ್ರಾವಣ ಮಾಡಿಕೊಳ್ಳುತ್ತಿದ್ದರು. ಖರ್ಚು ಕಡಿಮೆ, ಕೆಲಸ ಸುಲಭ. 1980ರ ದಶಕದ ನಡುವೆ ಅಲ್ಲಿಯ ವೈದ್ಯರು ಒಂದು ಅಪರೂಪದ ಕಣ್ಣಿನ ರೋಗ ಹೆಚ್ಚುತ್ತಿರುವುದನ್ನು ಕಂಡರು. ಕಾರಣ ಅಕಾಂತಮೀಬಾ ಎಂಬ ಏಕಕೋಶ ಜೀವಿ. ನಿಮ್ಮ ವಿಜ್ಞಾನ ಪುಸ್ತಕದ ಅಮೀಬಾದ ದೂರದ ನೆಂಟ. ಮಣ್ಣು, ಕೆರೆ, ಬಾವಿ, ನಲ್ಲಿ, ಎಲ್ಲ ಕಡೆಯ ನೀರಿನಲ್ಲೂ ಅದು ಇರಬಲ್ಲದು. ಕಷ್ಟಕಾಲ ಬಂದರೆ ತನ್ನ ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಅದೇ ನೀರನ್ನು ಕುಡಿದರೂ ಸ್ನಾನ ಮಾಡಿದರೂ ನಮಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಲೆನ್ಸಿನ ಕೆಳಗೆ ಸಿಕ್ಕಿಕೊಂಡರೆ ಮಾತ್ರ ಕಾರ್ನಿಯಾವನ್ನು ಕೊರೆಯಲು ಹತ್ತುತ್ತದೆ. ನೋವು ವಿಪರೀತ, ಔಷಧ ತಿಂಗಳುಗಟ್ಟಲೆ. ಕೆಲವರ ದೃಷ್ಟಿಯೇ ಹೋಗುತ್ತದೆ. ರೋಗಿಗಳನ್ನು ವಿಚಾರಿಸಿದಾಗ ಅವರಲ್ಲಿ ಬಹುಮಂದಿ ಮನೆಯಲ್ಲಿ ಮಾಡಿದ ಉಪ್ಪುನೀರನ್ನು ಬಳಸುತ್ತಿದ್ದುದು ಗೊತ್ತಾಯಿತು.

ನಮ್ಮ ಕರಾವಳಿಯ ಬಾವಿನೀರು ಶುದ್ಧವಲ್ಲವೇ ಎಂದು ನೀವು ಕೇಳಬಹುದು. ಕುಡಿಯಲು ಶುದ್ಧವಾಗಿರಬಹುದು, ಲೆನ್ಸಿಗೆ ಅಲ್ಲ. ಆಷಾಢದ ಮಳೆಗೆ ಬಾವಿ ತುಂಬಿ, ಅಂಗಳದ ನೀರೂ ಅದರೊಳಗೆ ಇಳಿಯುವ ದಿನಗಳಲ್ಲಂತೂ ಹೇಳುವುದೇ ಬೇಡ. ಹೊಳೆಯಲ್ಲಿ ಈಜುವಾಗ, ಕಡಲಿನಲ್ಲಿ ಆಡುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ ಲೆನ್ಸ್ ಕಣ್ಣಿನಲ್ಲಿರಬಾರದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಅಕ್ಕನನ್ನು ಗಮನಿಸಿ. ಅವಳು ಮೊದಲು ಸೋಪಿನಿಂದ ಕೈ ತೊಳೆಯಬೇಕು, ಬಿಸಿಯೂಟಕ್ಕೆ ಮೊದಲು ನೀವು ತೊಳೆಯುವಂತೆ ಬೆರಳ ಸಂದಿಯನ್ನೂ ಬಿಡದೆ. ಆಮೇಲೆ ಸ್ವಚ್ಛವಾದ, ಜುಂಗು ಬಿಡದ ಬಟ್ಟೆಯಲ್ಲಿ ಕೈ ಒರಸಬೇಕು. ಒದ್ದೆ ಕೈಯೂ ನೀರೇ ಅಲ್ಲವೇ? ಸೀರೆಯ ಸೆರಗಿಗೋ ಲಂಗಕ್ಕೋ ಒರಸಿದರೆ ತೊಳೆದದ್ದು ವ್ಯರ್ಥ. ಸಂಜೆ ಲೆನ್ಸ್ ತೆಗೆದು ಅಂಗೈಯಲ್ಲಿಟ್ಟು, ಅದಕ್ಕೆಂದೇ ಇರುವ ದ್ರಾವಣ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಬೇಕು, ಮತ್ತೆ ದ್ರಾವಣದಿಂದಲೇ ತೊಳೆಯಬೇಕು. ಸುಮ್ಮನೆ ಅದ್ದಿಟ್ಟರೆ ಸಾಲದು. ಪಾತ್ರೆಯ ಜಿಡ್ಡು ನೆನೆಹಾಕಿದ ಮಾತ್ರಕ್ಕೆ ಹೋಗುತ್ತದೆಯೇ? ಡಬ್ಬಿಯಲ್ಲಿ ನಿನ್ನೆಯ ದ್ರಾವಣವಿದ್ದರೆ ಅದರ ಮೇಲೆಯೇ ಹೊಸದನ್ನು ಸುರಿಯಬಾರದು, ಪೂರ್ತಿ ಚೆಲ್ಲಿ ಹೊಸದಾಗಿ ತುಂಬಬೇಕು. ಬೆಳಿಗ್ಗೆ ಖಾಲಿಯಾದ ಡಬ್ಬಿಯನ್ನೂ ದ್ರಾವಣದಿಂದ ತೊಳೆದು, ಒರಸಿ, ಮುಚ್ಚಳ ತೆಗೆದು ಕವುಚಿ ಒಣಗಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ಡಬ್ಬಿಯನ್ನೇ ಬದಲಿಸಬೇಕು. ಎಂಜಲು ಹಚ್ಚಿ ಲೆನ್ಸ್ ಒದ್ದೆ ಮಾಡುವವರೂ ಇದ್ದಾರೆ! ಬಾಯಿಯಷ್ಟು ಬ್ಯಾಕ್ಟೀರಿಯಾ ಇರುವ ಜಾಗ ಇನ್ನೊಂದು ಹುಡುಕುವುದು ಕಷ್ಟ. ವೇಷಕ್ಕೆ ಬಣ್ಣ ಹಚ್ಚುವವರು ಲೆನ್ಸನ್ನು ಬಣ್ಣಕ್ಕೆ ಮೊದಲೇ ಹಾಕಿಕೊಂಡು, ಬಣ್ಣ ತೆಗೆಯುವ ಮೊದಲೇ ತೆಗೆಯಬೇಕು.

ರಾತ್ರಿ ಲೆನ್ಸ್ ಹಾಕಿಕೊಂಡು ಮಲಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಕಣ್ಣು ಮುಚ್ಚಿದಾಗ ಗಾಳಿ ತಾಗದೆ ಕಾರ್ನಿಯಾಕ್ಕೆ ಆಮ್ಲಜನಕ ಮೊದಲೇ ಕಡಿಮೆ. ಮೇಲೆ ಲೆನ್ಸೂ ಇದ್ದರೆ ಇನ್ನೂ ಕಡಿಮೆ. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ನೋಡಲಾಗದಿದ್ದರೆ ಕೂಡಲೇ ಲೆನ್ಸ್ ತೆಗೆದು ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು, ನಾಳೆ ನೋಡೋಣ ಎನ್ನಬಾರದು. ಸೊಪ್ಪಿನ ರಸವನ್ನೋ ಮನೆಯಲ್ಲಿ ಉಳಿದ ಹನಿಮದ್ದನ್ನೋ ಹಾಕಲೇಬಾರದು. ಕಣ್ಣಿನ ಬಣ್ಣ ಬದಲಿಸುವ ಲೆನ್ಸ್‌ಗಳನ್ನು ಗೆಳತಿಯರು ಹಂಚಿಕೊಂಡು ಹಾಕುವುದೂ ಉಂಟು. ಅದು ಹಲ್ಲುಜ್ಜುವ ಬ್ರಷ್ಷನ್ನು ಹಂಚಿಕೊಂಡದ್ದಕ್ಕಿಂತಲೂ ಅಪಾಯ.

ಇಷ್ಟೆಲ್ಲ ಗೊತ್ತಿದ್ದೂ ಜನ ಪಾಲಿಸುತ್ತಾರೆಯೇ? 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಲೆನ್ಸ್ ಧರಿಸುವ ನೂರು ಮಂದಿಯಲ್ಲಿ ಸುಮಾರು 99 ಮಂದಿ ಒಂದಾದರೂ ತಪ್ಪು ಅಭ್ಯಾಸವನ್ನು ಒಪ್ಪಿಕೊಂಡಿದ್ದರು! ಅವರು ದಡ್ಡರೇನಲ್ಲ. ಒಂದು ರಾತ್ರಿ ಲೆನ್ಸ್ ತೆಗೆಯದೆ ಮಲಗಿದರೆ ಬೆಳಿಗ್ಗೆ ಏನೂ ಆಗಿರುವುದಿಲ್ಲ. ಹತ್ತು ಸಲ ಹೀಗೆಯೇ ಏನೂ ಆಗದಿದ್ದರೆ ಹನ್ನೊಂದನೆಯ ಸಲಕ್ಕೆ ಹೆದರಿಕೆಯೇ ಹೋಗಿರುತ್ತದೆ. ಬಿಸಿ ಬಾಣಲೆ ಮುಟ್ಟಿದ ಕ್ಷಣವೇ ಸುಡುತ್ತದೆ, ಆದ್ದರಿಂದ ಯಾರೂ ಎರಡನೆಯ ಸಲ ಮುಟ್ಟುವುದಿಲ್ಲ. ಕೊಳೆ ಲೆನ್ಸ್ ಹಾಗಲ್ಲ.

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಡಾ. ಎಂ. ಸಿ. ಮೋದಿಯವರ ಹೆಸರನ್ನು ಕೇಳಿರುತ್ತಾರೆ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, 2005ರಲ್ಲಿ ತೀರಿಕೊಂಡ ಅವರು ಊರೂರಿಗೆ ಹೋಗಿ ಶಿಬಿರ ನಡೆಸಿ, ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದವರು. ಅಂಥವರ ಕೈಯಲ್ಲೂ ಶಸ್ತ್ರಚಿಕಿತ್ಸೆ ಕೆಲವು ನಿಮಿಷಗಳ ಮಾತು. ಆ ಮೇಲಿನ ದಿನಗಳಲ್ಲಿ ಕಣ್ಣಿಗೆ ಕೈ ಹಚ್ಚದೆ, ನೀರು ತಾಗಿಸದೆ, ಹೇಳಿದ ಹೊತ್ತಿಗೆ ಹನಿಮದ್ದು ಹಾಕಿಕೊಳ್ಳುವ ಕೆಲಸ ರೋಗಿಯದೇ. ಲೆನ್ಸಿನಲ್ಲೂ ಹೀಗೆಯೇ, ಆದರೆ ಇಲ್ಲಿ ಆ ದಿನಗಳು ಎಂದೂ ಮುಗಿಯುವುದಿಲ್ಲ. ದಿನಾ ಹೊಸ ಲೆನ್ಸ್ ಹಾಕಿ ಸಂಜೆ ಎಸೆದುಬಿಡುವ ಪದ್ಧತಿ 1990ರ ದಶಕದಲ್ಲಿ ಬಂದಾಗ ಉಜ್ಜುವ, ನೆನೆಸುವ ಕೆಲಸ ತಪ್ಪಿತು. ಲೆನ್ಸ್‌ಗಳು ಅಗ್ಗವಾಗಿ, ರಾಶಿರಾಶಿಯಾಗಿ ತಯಾರಾಗದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಆದರೂ ಕೈ ತೊಳೆಯುವುದು ತಪ್ಪಲಿಲ್ಲ. ನಿಮ್ಮ ವಯಸ್ಸಿನವರಿಗಂತೂ ವೈದ್ಯರು ಬೇರೆ ಹೇಳದಿದ್ದರೆ ಕನ್ನಡಕವೇ ಒಳ್ಳೆಯದು.

ಮತ್ತೆ ಪ್ರಾಗ್‌ಗೆ

ಲೆನ್ಸ್ ಲೋಕವೆಲ್ಲ ಸುತ್ತುತ್ತಿದ್ದಾಗ ವಿಖ್ಟರ್ಲೆ ಏನು ಮಾಡುತ್ತಿದ್ದರು? 1968ರಲ್ಲಿ ಚೆಕೊಸ್ಲೊವಾಕಿಯದ ಜನ ಹೆಚ್ಚಿನ ಸ್ವಾತಂತ್ರ್ಯ ಕೇಳಿ ದನಿಯೆತ್ತಿದರು. ಆಗ ಹೊರಬಂದ ಒಂದು ಪ್ರಸಿದ್ಧ ಮನವಿಗೆ ವಿಖ್ಟರ್ಲೆಯವರೂ ಸಹಿ ಹಾಕಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಮತ್ತು ಅದರ ಮಿತ್ರದೇಶಗಳ ಸೈನ್ಯ ಬಂದು ಆ ದನಿಯನ್ನು ಅಡಗಿಸಿತು. 1970ರಲ್ಲಿ ವಿಖ್ಟರ್ಲೆಯವರನ್ನು ನಿರ್ದೇಶಕ ಸ್ಥಾನದಿಂದ ಕೆಳಗಿಳಿಸಲಾಯಿತು. ಅಮೆರಿಕದಲ್ಲಿ ಅವರ ಲೆನ್ಸಿಗೆ ಒಪ್ಪಿಗೆ ಸಿಕ್ಕಿದ್ದು ಇದರ ಮರುವರ್ಷ. ವಿದೇಶದ ಕಂಪನಿಗಳಿಗೆ ಅಪಾರ ಲಾಭವಾಯಿತು. ಅದನ್ನು ಕಂಡುಹಿಡಿದವರಿಗೆ ಸಿಕ್ಕಿದ ಪಾಲು ಬಹಳ ಕಡಿಮೆ. ಇದು ನ್ಯಾಯವೆಂದು ಯಾರೂ ಹೇಳಲಾರರು.

ವಿಖ್ಟರ್ಲೆ ಕೆಲಸ ನಿಲ್ಲಿಸಲಿಲ್ಲ. 1989ರಲ್ಲಿ ಆಡಳಿತ ಬದಲಾಯಿತು. 1990ರಲ್ಲಿ, 76ನೆಯ ವಯಸ್ಸಿನಲ್ಲಿ, ದೇಶದ ವಿಜ್ಞಾನ ಅಕಾಡೆಮಿಗೆ ಅವರೇ ಅಧ್ಯಕ್ಷರಾದರು. 1998ರ ಆಗಸ್ಟ್ 18ರಂದು, ತಾವು ಹುಟ್ಟಿದ ಪ್ರಾಂತದ ಸ್ಟ್ರಾಜಿಸ್ಕೊ ಎಂಬ ಹಳ್ಳಿಯ ಮನೆಯಲ್ಲಿ ತೀರಿಕೊಂಡರು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹಗಳಲ್ಲಿ 3899ನೆಯದಕ್ಕೆ ವಿಖ್ಟರ್ಲೆ ಎಂದು ಹೆಸರಿಡಲಾಗಿದೆ. ಬರಿಗಣ್ಣಿಗೂ ಕಾಣದು, ಲೆನ್ಸ್ ಹಾಕಿದ ಕಣ್ಣಿಗೂ ಕಾಣದು. ಅದನ್ನು ನೋಡಲು ಒಳ್ಳೆಯ ದೂರದರ್ಶಕವೇ ಬೇಕು.